ಆರಿದ್ರಾಕ್ಕೆ ಟಗರು, ಗೌರಿ ಹುಣ್ಣಿಮೆಗೆ ಮರಿ

ಗದಗ ಜಿಲ್ಲೆಯ ಹರ್ತಿ, ಮುಳಗುಂದ, ಶಿರಹಟ್ಟಿ ಕಡೆ ಕುರಿ ಕಾಯುವ ಹಿರಿಯರನ್ನು ನಿಲ್ಲಿಸಿ, ‘ನಿಮ್ಮ ಕುರಿ ಯಾವ ತಿಂಗಳಲ್ಲಿ ಈಯಬೇಕು’ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. “ಅದು ನಮ್ಮ ಕೈಯಾಗ ಎಲ್ಲೈತ್ರಿ? ಟಗರು ಹಿಂಡಿನ್ಯಾಗ ಇರತೈತಿ, ಕುರಿ ಬೆದಿಗೆ ಬರತೈತಿ, ಐದು ತಿಂಗಳಿಗೆ ಈಯತೈತಿ.” ಮಾತು ನಿಜವೇ. ನಮ್ಮ ಬಯಲುಸೀಮೆಯ ಕುರಿ ತಂಪು ದೇಶಗಳ ಕುರಿಯ ಹಾಗೆ ಹಗಲು ಸಣ್ಣದಾಗುವುದನ್ನು ಕಾಯುವುದಿಲ್ಲ. ಹೊಟ್ಟೆ ತುಂಬಿದರೆ ಯಾವ ತಿಂಗಳಲ್ಲಾದರೂ ಬೆದೆಗೆ ಬರುತ್ತದೆ. ಹೀಗಾಗಿ ಹಿಂಡಿನಲ್ಲಿ ಹನ್ನೆರಡು ತಿಂಗಳೂ ಮರಿ ಹುಟ್ಟುತ್ತವೆ, ಹನ್ನೆರಡು ತಿಂಗಳೂ ಸಾಯುತ್ತವೆ. ಮೇ ತಿಂಗಳ ಮರಿ ತಾಯಿಯ ಕೆಚ್ಚಲಲ್ಲಿ ಹಾಲಿಲ್ಲದೆ ಹೋಗುತ್ತದೆ. ಆಗಸ್ಟಿನದು ಜಿಟಿಜಿಟಿ ಮಳೆಯಲ್ಲಿ ನೆಗಡಿ, ಕೆಮ್ಮು ಹಿಡಿದು ಹೋಗುತ್ತದೆ. ಅದೇ ತಾಯಿ ನವೆಂಬರಿನಲ್ಲಿ ಹಾಕಿದ ಮರಿ ಮೂರು ತಿಂಗಳಲ್ಲಿ ಸಂತೆಗೆ ನಿಲ್ಲುವ ಮರಿಯಾಗುತ್ತದೆ. ತಳಿ ಬದಲಾಗಿಲ್ಲ, ಕಾಯುವವರೂ ಬದಲಾಗಿಲ್ಲ. ಹುಟ್ಟಿದ ತಿಂಗಳು ಮಾತ್ರ ಬೇರೆ.

ಆ ತಿಂಗಳನ್ನು ಆರಿಸಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ, ಮತ್ತು ಕುರಿಗಾರನಿಗೆ ಹೆಚ್ಚು ಖರ್ಚಿಲ್ಲದೆ ಸಿಗುವ ಅತಿ ದೊಡ್ಡ ಲಾಭ ಇದೇ ಎಂಬುದು ನನ್ನ ವಾದ.

ಈ ಪ್ರಶ್ನೆ ಬೇರೆ ದೇಶಗಳಲ್ಲಿ ಬಹುಕಾಲದಿಂದ ಚರ್ಚೆಯಲ್ಲಿದೆ. ಅಲ್ಲಿ ಹುಲ್ಲುಗಾವಲಿನಲ್ಲಿ ಮಾಂಸಕ್ಕಾಗಿ ಸಾಕುವುದು ದನದ ಹಿಂಡು. ನಮ್ಮಲ್ಲಿ ಆ ಜಾಗದಲ್ಲಿರುವುದು ಕುರಿ. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ 1.1 ಕೋಟಿ ಕುರಿಗಳಿವೆ; ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಮ್ಮದೇ ದೊಡ್ಡ ಸಂಖ್ಯೆ. ಅಮೆರಿಕದ ನೆಬ್ರಾಸ್ಕದ ಸ್ಯಾಂಡ್‌ಹಿಲ್ಸ್ ಎಂಬ ಮರಳುದಿಬ್ಬದ ಹುಲ್ಲುಸೀಮೆಯಲ್ಲಿ ರೈತರು ದನಗಳನ್ನು ಮಾರ್ಚ್ ತಿಂಗಳ ಚಳಿಯಲ್ಲಿ ಈಯಿಸುತ್ತಿದ್ದರು. ಕರು ಬೇಗ ಹುಟ್ಟಿದರೆ ಮಾರುವ ಹೊತ್ತಿಗೆ ತೂಕ ಹೆಚ್ಚು ಬರುತ್ತದೆ ಎಂಬುದು ಲೆಕ್ಕ. ಆದರೆ ಹಾಲೂಡುವ ತಾಯಿಗೆ ಹಸಿರು ಹುಲ್ಲು ಸಿಗುವವರೆಗೆ ಬಣವೆಯ ಒಣಹುಲ್ಲನ್ನೇ ಹಾಕಿ ಸಾಕಬೇಕು. ಅಲ್ಲಿನ ವಿಶ್ವವಿದ್ಯಾಲಯದವರು ಮಾರ್ಚ್ ಹಿಂಡನ್ನೂ ಜೂನ್ ಹಿಂಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಜೂನಿನಲ್ಲಿ ಈದ ಹಿಂಡಿನ ಕರುಗಳ ತೂಕ ಕಡಿಮೆ ಬಂತು, ಆದರೆ ಕೊಯ್ದು ಕೂಡಿಟ್ಟ ಮೇವಿನ ಖರ್ಚು ಅದಕ್ಕಿಂತ ಹೆಚ್ಚು ಇಳಿಯಿತು. ಹುಲ್ಲು ಏಳುವ ಹೊತ್ತಿಗೆ ಕರು ಏಳಲಿ ಎಂಬ ಪಾಠ ಅಲ್ಲಿಂದ ಎಲ್ಲೆಡೆ ಹರಡಿತು.

ಪಾಠದ ಬುಡ ಗಟ್ಟಿಯಾಗಿದೆ. ತಾಯಿಗೆ ಅತಿ ಹೆಚ್ಚು ಮೇವು ಬೇಕಾಗುವುದು ಈದ ದಿನವಲ್ಲ, ಹಾಲು ಏರುವ ದಿನಗಳಲ್ಲಿ. ಆಕಳಿಗೆ ಇದು ಈದ ಆರರಿಂದ ಎಂಟು ವಾರಕ್ಕೆ, ಕುರಿಗೆ ಮೂರು ನಾಲ್ಕು ವಾರಕ್ಕೆ ಬರುತ್ತದೆ. ಕುರಿಗೆ ಇನ್ನೊಂದು ಬಿಗಿ ಇದೆ. ಗರ್ಭದ ಮರಿ ತನ್ನ ತೂಕದ ಮೂರರಲ್ಲಿ ಎರಡು ಪಾಲನ್ನು ಕೊನೆಯ ಆರು ವಾರದಲ್ಲೇ ಗಳಿಸುತ್ತದೆ. ಆ ಆರು ವಾರ ತಾಯಿ ಹಸಿದರೆ ಮರಿ ಚಿಕ್ಕದಾಗಿ ಹುಟ್ಟುತ್ತದೆ, ಗಿಣ್ಣದ ಹಾಲೂ ಕಡಿಮೆ. ಹುಟ್ಟಿದ ಗಂಟೆ ಎರಡು ಗಂಟೆಯೊಳಗೆ ಗಿಣ್ಣ ಕುಡಿಯದ ಮರಿಗೆ ಮುಂದೆ ಯಾವ ಔಷಧಿಯೂ ಅದರ ಸಾಟಿಯಾಗಿ ಬರುವುದಿಲ್ಲ. ಹಾಗಾಗಿ ಈಯುವ ಮುಂಚಿನ ಆರು ವಾರ, ಈದ ಮೇಲಿನ ಎಂಟು ವಾರ, ಒಟ್ಟು ಹದಿನಾಲ್ಕು ವಾರ ಮೇವು ಕೈಕೊಡಬಾರದು. ವರ್ಷದಲ್ಲಿ ಅಂಥ ಹದಿನಾಲ್ಕು ವಾರ ಎಲ್ಲಿವೆ ಎಂದು ಹುಡುಕುವುದೇ ಈಯುವ ಕಾಲವನ್ನು ಆರಿಸುವ ಕೆಲಸ.

ನೆಬ್ರಾಸ್ಕದ ಪಾಠವನ್ನು ಹಾಗೆಯೇ ಎತ್ತಿ ತಂದರೆ ನಮ್ಮವರು ಜುಲೈ–ಆಗಸ್ಟಿಗೆ ಕುರಿ ಈಯಿಸಬೇಕಾಗುತ್ತದೆ, ಹುಲ್ಲು ಏಳುವುದು ಆಗಲೇ ತಾನೆ. ಇಲ್ಲಿ ಆ ಪಾಠ ನಡೆಯುವುದಿಲ್ಲ, ಏಕೆಂದರೆ ಹರ್ತಿ ಸೀಮೆಯ ಕುರಿಗೆ ಎರಡು ಮೇವುಗಳಿವೆ, ಅವು ಎರಡು ಬೇರೆ ಕಾಲಕ್ಕೆ ಸಿಗುತ್ತವೆ.

ಮೊದಲನೆಯದು ಗುಡ್ಡದ, ಗೋಮಾಳದ, ಹಳ್ಳದ ದಂಡೆಯ ಹುಲ್ಲು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ನಾಡಿದು. ಮಿರಗ ಚೆನ್ನಾಗಿ ಸುರಿದರೆ ಆರಿದ್ರಾ, ಪುನರ್ವಸು ಹೊತ್ತಿಗೆ ಹಸಿರು ಕಾಣುತ್ತದೆ. ಮುಂಗಾರಿನಷ್ಟೇ, ಕೆಲವು ವರ್ಷ ಅದಕ್ಕಿಂತ ಹೆಚ್ಚಾಗಿ, ಉತ್ತರಿ, ಹಸ್ತ, ಚಿತ್ತಾ ಮಳೆಗಳು ಇಲ್ಲಿ ಹುಲ್ಲು ಬೆಳೆಸುತ್ತವೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಗುಡ್ಡ ತುಂಬಿರುತ್ತದೆ. ನವೆಂಬರಿಗೆ ಹುಲ್ಲು ಬಲಿತು ಸೂಜಿಯಂಥ ಬೀಜ ಬಿಟ್ಟು ಉಣ್ಣೆಗೂ ಚರ್ಮಕ್ಕೂ ಚುಚ್ಚತೊಡಗುತ್ತದೆ, ಸತ್ವವೂ ಇಳಿಯುತ್ತದೆ.

ಎರಡನೆಯದು ಹೊಲದ ಮೇವು. ಇದೇ ನಮ್ಮ ಲೆಕ್ಕವನ್ನು ತಿರುಗಿಸುವುದು. ಮುಂಗಾರಿನಲ್ಲಿ ಹೆಸರು, ಶೇಂಗಾ, ಗೋವಿನಜೋಳ, ಹತ್ತಿ, ಉಳ್ಳಾಗಡ್ಡಿ ಎಂದು ಇಡೀ ಸೀಮೆ ಬಿತ್ತಿಕೊಂಡು ನಿಂತಿರುತ್ತದೆ. ಕುರಿ ಬದುವಿಗೆ ಬಾಯಿ ಹಾಕಿದರೂ ಜಗಳ. ಹಿಂಡು ರಸ್ತೆ ಬದಿಗೆ, ಗುಡ್ಡದ ತಪ್ಪಲಿಗೆ ಒತ್ತಿಕೊಂಡು ಬದುಕುವ ಕಾಲವದು. ಗೋವಿನಜೋಳ ಮುರಿದ ಮೇಲೆ, ಶೇಂಗಾ ಕಿತ್ತ ಮೇಲೆ, ಹತ್ತಿ ಬಿಡಿಸಿದ ಮೇಲೆ ಹೊಲದ ಬಾಗಿಲು ಒಂದೊಂದಾಗಿ ತೆರೆಯುತ್ತದೆ. ಎರಿ ಹೊಲದ ಹಿಂಗಾರಿ ಕಡಲೆ, ಬಿಳಿಜೋಳ, ಕುಸುಬಿ ಫೆಬ್ರುವರಿ, ಮಾರ್ಚಿನಲ್ಲಿ ಕೊಯ್ಲಾಗಿ ಕೂಳೆ, ಉದುರಿದ ಎಲೆ, ಹೊಟ್ಟು ಸಿಗುತ್ತವೆ. ಆಗ ರೈತರೇ ಕರೆದು ಹೊಲದಲ್ಲಿ ಕುರಿ ನಿಲ್ಲಿಸಿಕೊಂಡು, ಗೊಬ್ಬರಕ್ಕೆ ಪ್ರತಿಯಾಗಿ ದುಡ್ಡೋ ಕಾಳೋ ಕೊಡುತ್ತಾರೆ. ಏಪ್ರಿಲ್ ಮೇ ಬಂತೆಂದರೆ ಎರಡೂ ಮೇವು ಮುಗಿದು, ಜಾಲಿಕಾಯಿ ಉದುರಿಸಿಕೊಂಡು, ನದಿ ದಂಡೆಯ ನೀರಾವರಿ ಸೀಮೆಗೆ ಹಿಂಡು ಹೊಡೆದುಕೊಂಡು ಹೋಗಬೇಕು.

ಈಗ ತಿಂಗಳುಗಳನ್ನು ಒಂದೊಂದಾಗಿ ಈ ಎರಡು ಮೇವಿನ ಮೇಲಿಟ್ಟು ನೋಡಿ. ಜುಲೈ–ಆಗಸ್ಟಿನ ಮರಿಯ ತಾಯಿ ಗರ್ಭದ ಕೊನೆಯ ಆರು ವಾರವನ್ನು ಬೇಸಿಗೆಯ ಕೊನೆಯಲ್ಲಿ ಕಳೆದಿರುತ್ತದೆ. ಈದ ಮೇಲೆ ಹುಲ್ಲು ಇದೆ, ಆದರೆ ಹೊಲ ಮುಚ್ಚಿದೆ; ದೊಡ್ಡಿಯಲ್ಲಿ ಕೆಸರು, ಗೊರಸಿನ ನಡುವೆ ಕೊಳೆ, ಹೊಟ್ಟೆಯಲ್ಲಿ ಜಂತು. ಎಳೆ ಹುಲ್ಲು ಹೊಟ್ಟೆ ತುಂಬ ತಿಂದ ಹಿಂಡಿಗೆ ಕರುಳುಬೇನೆ ಬರುವುದೂ ಆಗಲೇ. ಏಪ್ರಿಲ್–ಮೇ ತಿಂಗಳ ಮರಿಯ ಬಗ್ಗೆ ಮಾತೇ ಬೇಡ, ಅದು ತಾಯಿಯನ್ನೂ ಕೆಡಿಸಿ ಹೋಗುತ್ತದೆ. ನವೆಂಬರ್ ಮಧ್ಯದಿಂದ ಡಿಸೆಂಬರ್ ಕೊನೆಯವರೆಗಿನ ಮರಿಯನ್ನು ನೋಡಿ. ತಾಯಿಯ ಗರ್ಭದ ಕೊನೆಯ ಆರು ವಾರ ಹಸ್ತ, ಚಿತ್ತಾ ಮಳೆಯ ಗುಡ್ಡದ ಹುಲ್ಲಿನ ಮೇಲೆ ಕಳೆದಿರುತ್ತವೆ. ಈಯುವಾಗ ನೆಲ ಒಣಗಿದೆ. ಹಾಲು ಏರುವ ಹೊತ್ತಿಗೆ ಮುಂಗಾರಿ ಹೊಲಗಳು ತೆರೆದಿವೆ. ಮರಿ ತಾನೇ ಮೇಯಲು ಕಲಿಯುವ ಹೊತ್ತಿಗೆ ಕಡಲೆ ಹೊಲದ ಎಲೆ ಸಿಗುತ್ತದೆ. ಗುಡ್ಡದ ಹುಲ್ಲು ಮುಗಿಯುವುದೂ ಹೊಲದ ಬಾಗಿಲು ತೆರೆಯುವುದೂ ಕೂಡುವ ಆ ಕೂಡುಗೆರೆಯ ಮೇಲೆ ಮರಿ ಹುಟ್ಟಬೇಕು. ನಮ್ಮ ಸೀಮೆಗೆ ಅದೇ ಸರಿಯಾದ ಕಾಲ ಎಂದು ನಾನು ಯಾವ ಅನುಮಾನವಿಲ್ಲದೆ ಹೇಳುತ್ತೇನೆ.

ಚಳಿಯ ಮಾತು ಬರುತ್ತದೆ. ಡಿಸೆಂಬರ್ ರಾತ್ರಿಯ ಗಾಳಿ ಎಳೆ ಮರಿಗೆ ಒಳ್ಳೆಯದಲ್ಲ, ನಿಜ. ಆದರೆ ಒಣ ಚಳಿಯನ್ನು ತಡೆಯಲು ಗಾಳಿಗೆ ಅಡ್ಡಲಾಗಿ ಕಟ್ಟಿದ ತಟ್ಟಿ, ಕೆಳಗೆ ಹಾಸಿದ ಹೊಟ್ಟು, ಹೊಟ್ಟೆ ತುಂಬ ಹಾಲು ಸಾಕು. ತೊಯ್ದ ಮರಿಗೆ ಇದ್ಯಾವುದೂ ಸಾಕಾಗುವುದಿಲ್ಲ.

ಲೆಕ್ಕ ಹಿಂದಕ್ಕೆ ಹಾಕೋಣ. ಕುರಿಯ ಗಬ್ಬ 150 ದಿನ, ಒಂದೆರಡು ದಿನ ಹೆಚ್ಚು ಕಡಿಮೆ. ಚಾಂದ್ರಮಾನದ ಐದು ತಿಂಗಳೆಂದರೆ 148 ದಿನ. ಹಾಗಾಗಿ ನಮ್ಮ ಹುಣ್ಣಿಮೆಗಳೇ ಒಳ್ಳೆಯ ಕ್ಯಾಲೆಂಡರು: ಕಾರಹುಣ್ಣಿಮೆಗೆ ಕೂಡಿದ ಕುರಿ ಗೌರಿ ಹುಣ್ಣಿಮೆಗೆ ಈಯುತ್ತದೆ, ಕಡ್ಲಿಗಡಬಿನ ಹುಣ್ಣಿಮೆಗೆ ಕೂಡಿದ್ದು ಹೊಸ್ತಿಲ ಹುಣ್ಣಿಮೆಗೆ. ನಡುವೆ ಅಧಿಕ ಮಾಸ ಬಂದ ವರ್ಷ ಮಾತ್ರ ಎಣಿಕೆಗೆ ಅದೊಂದು ತಿಂಗಳು ಸೇರಿಸಿಕೊಳ್ಳಬೇಕು. ಆದರೂ ಟಗರು ಬಿಡುವ ದಿನಕ್ಕೆ ನಾನು ಹುಣ್ಣಿಮೆಗಿಂತ ಮಳೆಯ ನಕ್ಷತ್ರವನ್ನೇ ನಂಬುತ್ತೇನೆ. ಕಾರಹುಣ್ಣಿಮೆ ಕೆಲವು ವರ್ಷ ಜೂನ್ ಮೊದಲ ವಾರಕ್ಕೇ ಬರುತ್ತದೆ, ಆಗ ಕುರಿ ಇನ್ನೂ ಬೇಸಿಗೆಯ ಬಡಕಲು ಮೈಯಲ್ಲೇ ಇರುತ್ತದೆ. ಆರಿದ್ರಾ ಜೂನ್ 22ರ ಆಸುಪಾಸಿಗೆ ಕೂಡುತ್ತದೆ, ಅದು ಬದಲಾಗುವುದಿಲ್ಲ. ಅಷ್ಟರಲ್ಲಿ ಮಿರಗದ ಚಿಗುರು ಎರಡು ವಾರ ಬಾಯಿಗೆ ಬಿದ್ದಿರುತ್ತದೆ. ಕೂಡುವ ಮುಂಚಿನ ಎರಡು ಮೂರು ವಾರ ಮೇವು ಏರುಮುಖವಾಗಿದ್ದರೆ ಹೆಚ್ಚು ಕುರಿ ಬೆದೆಗೆ ಬರುತ್ತವೆ, ಗಬ್ಬವೂ ಹೆಚ್ಚು ನಿಲ್ಲುತ್ತದೆ. ಮಳೆ ತಡವಾದ ವರ್ಷ ದಿನಕ್ಕೆ ಒಂದೆರಡು ಹಿಡಿ ಗೋವಿನಜೋಳದ ನುಚ್ಚು ಅದೇ ಕೆಲಸ ಮಾಡುತ್ತದೆ.

ಜೂನ್ 22ಕ್ಕೆ ಬಿಟ್ಟ ಟಗರಿನ ಮೊದಲ ಮರಿ ನವೆಂಬರ್ 19ಕ್ಕೆ. ಕುರಿ 17 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, 45 ದಿನ ಟಗರು ಹಿಂಡಿನಲ್ಲಿದ್ದರೆ ಪ್ರತಿ ಕುರಿಗೂ ಎರಡು ಅವಕಾಶ ಖಂಡಿತ. ಆಶ್ಲೇಷ ಮಳೆ ಕೂಡಿದ ಮೇಲೆ, ಆಗಸ್ಟ್ ಮೊದಲ ವಾರದಲ್ಲಿ, ಟಗರನ್ನು ತೆಗೆದರೆ ಎಳ್ಳಮಾವಾಸ್ಯೆಯ ಸುಮಾರಿಗೆ ಈಯುವುದು ಮುಗಿಯುತ್ತದೆ.

ಟಗರಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಬಹಳ ಹಿಂಡುಗಳಲ್ಲಿ ಎಡವುವುದು ಇಲ್ಲೇ. ಟಗರಿನ ವೀರ್ಯ ತಯಾರಾಗಲು ಸುಮಾರು ಏಳು ವಾರ ಹಿಡಿಯುತ್ತದೆ. ಅಂದರೆ ಆರಿದ್ರಾದಲ್ಲಿ ಕೂಡುವ ಟಗರಿನ ಬೀಜ ಮೇ ತಿಂಗಳ ಬಿಸಿಲಿನಲ್ಲಿ ತಯಾರಾದದ್ದು. ಆ ಬಿಸಿಲಲ್ಲಿ ನೆರಳಿಲ್ಲದೆ, ಮೇವಿಲ್ಲದೆ ಹತ್ತಾರು ಹರದಾರಿ ನಡೆದ ಟಗರು ನೋಡಲು ಗಟ್ಟಿಯಾಗಿದ್ದರೂ ಕುರಿ ಗಬ್ಬ ನಿಲ್ಲುವುದಿಲ್ಲ, ಬೈಗುಳ ಮಾತ್ರ ಕುರಿಗೆ. ಬಸವ ಜಯಂತಿಯ ಹೊತ್ತಿಗೇ ಟಗರನ್ನು ಬೇರೆ ಮಾಡಿ, ಮಧ್ಯಾಹ್ನ ಬೇವಿನ ನೆರಳಿನಲ್ಲಿ ಕಟ್ಟಿ, ನೀರು ಧಾರಾಳ ಕುಡಿಸಿ, ದಿನಕ್ಕಿಷ್ಟು ಹುರುಳಿ ಅಥವಾ ಗೋವಿನಜೋಳ ಹಾಕಬೇಕು. ಬಿಡುವ ಮೊದಲು ಬೀಜಗಳನ್ನು ಕೈಯಲ್ಲಿ ಹಿಡಿದು ನೋಡಬೇಕು: ಎರಡೂ ಒಂದೇ ಗಾತ್ರ, ಗಟ್ಟಿ, ಗಂಟಿಲ್ಲದೆ ಇರಬೇಕು. ಒಂದು ಟಗರಿಗೆ 25–30 ಕುರಿ ಸಾಕು. ಅದೇ ಹಿಂಡಿನಲ್ಲಿ ಹುಟ್ಟಿದ ಟಗರನ್ನು ಅದೇ ಹಿಂಡಿಗೆ ಬಿಡಬಾರದು.

ಉಳಿದ ತಿಂಗಳುಗಳಲ್ಲಿ ಟಗರನ್ನು ಏನು ಮಾಡುವುದು? ಎಲ್ಲಕ್ಕಿಂತ ಹಗುರವಾದ ದಾರಿ, ಹೊಟ್ಟೆಯ ಕೆಳಗೆ ಗೋಣಿತಟ್ಟಿನ ತುಂಡು ಕಟ್ಟುವುದು. ಟಗರು ಹಿಂಡಿನಲ್ಲೇ ಮೇಯುತ್ತದೆ, ಹಾರುತ್ತದೆ, ಆದರೆ ಕೂಡಲಾಗುವುದಿಲ್ಲ. ಪೂರ್ವ ಆಫ್ರಿಕದ ಮಸಾಯಿ ಕುರಿಗಾರರು ತೊಗಲಿನ ತುಂಡು ಕಟ್ಟಿ ಇದನ್ನೇ ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದಾರೆ, ಅವರದೂ ಮಳೆ ನಂಬಿದ ಬಯಲೇ. ತಟ್ಟು ತೊಯ್ದು ಹುಣ್ಣಾಗದಂತೆ ವಾರಕ್ಕೊಮ್ಮೆ ಬಿಚ್ಚಿ ತೊಳೆಯಬೇಕು, ಅಷ್ಟೇ. ನಾಲ್ಕಾರು ಮನೆಯವರು ಕೂಡಿ ತಮ್ಮ ಟಗರುಗಳನ್ನೆಲ್ಲ ಒಬ್ಬರ ಕೈಗೆ ಒಪ್ಪಿಸಿ ಬೇರೆ ಕಾಯಿಸುವುದು ಇನ್ನೂ ಒಳ್ಳೆಯದು.

ಕುರಿಯ ತಯಾರಿ ನೋಡಲು ಯಂತ್ರ ಬೇಡ. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮುಂದೆ, ಬೆನ್ನುಮೂಳೆಯ ಮೇಲೆ ಅಂಗೈ ಇಟ್ಟು ಬೆರಳು ಒತ್ತಿ. ಮೂಳೆಯ ತುದಿಗಳು ಒಂದೊಂದಾಗಿ ಚುಚ್ಚಿದರೆ ಕುರಿ ಸೊರಗಿದೆ, ಅದಕ್ಕೆ ಈಗಲೇ ಟಗರು ಬೇಡ. ಮೂಳೆ ತಿಳಿಯುತ್ತದೆ ಆದರೆ ಮೇಲೆ ಮಾಂಸದ ಹೊದಿಕೆಯಿದೆ ಎಂದರೆ ಸರಿಯಾಗಿದೆ. ಉಣ್ಣೆ ಬೆಳೆದ ಕುರಿಯನ್ನು ಕಣ್ಣಿನಿಂದ ಅಳೆಯಲಾಗದು, ಕೈಯಿಂದಲೇ ಅಳೆಯಬೇಕು.

ಗಬ್ಬ ತಪ್ಪಿದ ಕುರಿಗೆ ಎರಡನೇ ಅವಕಾಶ ಇರಲಿ. ಉತ್ತರಿ, ಹಸ್ತದಲ್ಲಿ, ಸೆಪ್ಟೆಂಬರ್ ಮಧ್ಯದಿಂದ ಮೂರು ವಾರ ಟಗರಿನ ತಟ್ಟು ಬಿಚ್ಚಿದರೆ ಫೆಬ್ರುವರಿ ಎರಡನೇ ವಾರದಿಂದ ಮಾರ್ಚ್ ಮೊದಲ ವಾರದೊಳಗೆ ಮರಿ ಬರುತ್ತವೆ. ಹಿಂಗಾರಿ ಕೂಳೆ ಹೊಲದ ಮೇವಿನಲ್ಲಿ ಅವೂ ಬದುಕುತ್ತವೆ, ಆದರೆ ನವೆಂಬರ್ ಮರಿಯ ಮೈ ಬರುವುದಿಲ್ಲ. ಎರಡು ಬಾರಿಯೂ ತಪ್ಪಿದ ಕುರಿ ಹಿಂಡಿನಲ್ಲಿ ಇರಬಾರದು.

ಇಷ್ಟೆಲ್ಲ ಕೇಳಿದ ಕುರಿಗಾರ ಎತ್ತುವ ತಕರಾರು ನ್ಯಾಯವಾದದ್ದು. ಹನ್ನೆರಡು ತಿಂಗಳು ಮರಿ ಹುಟ್ಟಿದರೆ ಹನ್ನೆರಡು ತಿಂಗಳೂ ಕೈಗೆ ಕಾಸು. ಮಗಳ ಶಾಲೆಯ ಫೀಸಿಗೆ ಒಂದು ಮರಿ, ಆಸ್ಪತ್ರೆಗೆ ಒಂದು ಮರಿ. ಎಲ್ಲ ಒಮ್ಮೆಗೇ ಹುಟ್ಟಿದರೆ ಎಲ್ಲ ಒಮ್ಮೆಗೇ ಮಾರಬೇಕು, ದಲ್ಲಾಳಿ ದರ ಇಳಿಸುತ್ತಾನೆ. ಹೌದು. ಆದರೆ ಒಂದೇ ವಯಸ್ಸಿನ ನಲವತ್ತು ಮರಿಯನ್ನು ಒಟ್ಟಿಗೆ ಹೊಡೆದುಕೊಂಡು ಅಮೀನಗಡದ ಸಂತೆಗೋ ಕೆರೂರಿನ ಸಂತೆಗೋ ಹೋದವನ ಮಾತಿಗೂ, ಮನೆ ಬಾಗಿಲಿಗೆ ಬಂದವನಿಗೆ ಒಂದು ಮರಿ ಕೊಡುವವನ ಮಾತಿಗೂ ತೂಕ ಬೇರೆ. ಹೆಣ್ಣು ಮರಿ ಹಿಂಡಿಗೆ, ಗಂಡು ಮರಿಯಲ್ಲಿ ಅರ್ಧ ಯುಗಾದಿಯ ಹೊತ್ತಿಗೆ ಸಂತೆಗೆ, ಇನ್ನರ್ಧ ಮನೆಯಲ್ಲಿ ಕಟ್ಟಿ ಮೇಯಿಸಲು ಎಂದು ಹಂಚಿಕೊಂಡರೆ ಕಾಸು ವರ್ಷದುದ್ದಕ್ಕೂ ಬರುತ್ತದೆ.

ಬಕ್ರೀದಿನ ಲೆಕ್ಕ ಹಾಕಿ ಕುರಿ ಈಯಿಸಬೇಕು ಎನ್ನುವವರೂ ಇದ್ದಾರೆ. ಆ ಹಬ್ಬ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2023ರಲ್ಲಿ ಜೂನ್ 29ಕ್ಕೆ ಬಂದದ್ದು 2025ರಲ್ಲಿ ಜೂನ್ 7ಕ್ಕೆ ಬಂತು. ಮಳೆ ಅದರ ಜೊತೆ ಸರಿಯುವುದಿಲ್ಲ. ಆ ಸಂತೆಗೆ ಬೇಕಾದದ್ದು ವರ್ಷ ತುಂಬಿದ, ಮೈ ತುಂಬಿದ ಟಗರು. ನವೆಂಬರಿನಲ್ಲಿ ಹುಟ್ಟಿದ ಗಂಡು ಮರಿಗೆ ಎರಡನೆಯ ಬೇಸಿಗೆಯ ಹೊತ್ತಿಗೆ ಒಂದೂವರೆ ವರ್ಷ. ಸಾಕುವ ಅವಧಿಯನ್ನು ಹಬ್ಬಕ್ಕೆ ಹೊಂದಿಸಿ, ಹುಟ್ಟುವ ಕಾಲವನ್ನು ಮಳೆಗೇ ಬಿಡಿ.

ಬರದ ವರ್ಷ ಏನು ಗತಿ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಅಂಥ ವರ್ಷ ಈಯುವ ಕಾಲ ಗೊತ್ತಿದ್ದವನಿಗೆ ಒಂದು ಅನುಕೂಲ ಇರುತ್ತದೆ. ಹುಬ್ಬಾ ಮಳೆ ಮುಗಿದ ಸೆಪ್ಟೆಂಬರ್ ಮಧ್ಯದಲ್ಲಿ ಗುಡ್ಡದತ್ತ ನೋಡಿದರೆ ಮುಂದಿನ ಹದಿನಾಲ್ಕು ವಾರದ ಮೇವು ಅಂದಾಜಿಗೆ ಸಿಗುತ್ತದೆ. ಸಾಲದು ಅನ್ನಿಸಿದರೆ ಹಳೆಯ, ಹಲ್ಲು ಸವೆದ ಕುರಿಗಳನ್ನು ದರ ಬೀಳುವ ಮೊದಲೇ ಮಾರಬಹುದು, ಶೇಂಗಾ ಹೊಟ್ಟನ್ನು ಸುಗ್ಗಿಯ ದರದಲ್ಲೇ ಕೊಂಡು ಒಟ್ಟಬಹುದು. ಹನ್ನೆರಡು ತಿಂಗಳು ಈಯುವ ಹಿಂಡಿನವನಿಗೆ ಇಂಥ ಲೆಕ್ಕದ ದಿನವೇ ಬರುವುದಿಲ್ಲ.

ಲಸಿಕೆಯ ಸುಲಭವೂ ಹಾಗೆಯೇ. ಈಯಲು ತಿಂಗಳಿರುವಾಗ ತಾಯಿಗೆ ಕರುಳುಬೇನೆಯ ಚುಚ್ಚುಮದ್ದು ಹಾಕಿಸಿದರೆ ಅದರ ಕಾವಲು ಗಿಣ್ಣದ ಮೂಲಕ ಮರಿಗೆ ದಾಟುತ್ತದೆ. ಎಲ್ಲ ಕುರಿ ಒಟ್ಟಿಗೆ ಈಯುವುದಾದರೆ ಸೀಗಿ ಹುಣ್ಣಿಮೆ ಹೊತ್ತಿಗೆ ಒಂದು ದಿನ ಡಾಕ್ಟರನ್ನು ಕರೆಸಿದರೆ ಇಡೀ ಹಿಂಡಿಗೆ ಮುಗಿಯಿತು. ಮಳೆಗಾಲದ ಕೊನೆಗೆ ನೊರಜು ಕಚ್ಚಿ ಬರುವ ನೀಲಿ ನಾಲಿಗೆ ಬೇನೆಗೂ ಮುಂಚೆಯೇ ಲಸಿಕೆ ಆಗಿರಬೇಕು, ಗಬ್ಬದ ಕುರಿಗೆ ಯಾವಾಗ ಹಾಕಬಹುದು ಎಂಬುದನ್ನು ಪಶುವೈದ್ಯರಿಂದಲೇ ಕೇಳಿಕೊಳ್ಳಿ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಧಾಮದ ಐದು ಕಿಲೋಮೀಟರ್ ಸುತ್ತಿನ ಜಾನುವಾರಿಗೆ ಲಸಿಕೆ ಆಗಿರಬೇಕೆಂದು ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ಅಲ್ಲಿ ತೋಳವೂ ಇದೆ. ಮರಿಗಳೆಲ್ಲ ಆರು ವಾರದೊಳಗೆ ಹುಟ್ಟಿದರೆ ರಾತ್ರಿ ಕಾವಲು ಬಿಗಿಯಾಗಿರಬೇಕಾದ ದಿನಗಳೂ ಅಷ್ಟೇ.

ಈದ ಮೇಲಿನ ಒಂದು ಅಪಾಯ ಹೇಳಲೇಬೇಕು. ಹಾಲೂಡುವ ಕುರಿಗೆ ಹಸಿವು ಹೆಚ್ಚು. ಮುರಿದ ಗೋವಿನಜೋಳದ ಹೊಲಕ್ಕೆ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಬಿಟ್ಟರೆ ಉದುರಿದ ತೆನೆಯನ್ನೇ ಹುಡುಕಿ ತಿಂದು, ಕಾಳು ಹೊಟ್ಟೆಯಲ್ಲಿ ಹುಳಿಯಾಗಿ, ಸಂಜೆಯೊಳಗೆ ಹಿಂಡಿಗೆ ಹಿಂಡೇ ಮಲಗಿದ್ದುಂಟು. ಮೊದಲು ಗುಡ್ಡದ ಒಣಹುಲ್ಲು ಮೇಯಿಸಿ, ಆಮೇಲೆ ಹೊಲಕ್ಕೆ ಬಿಡಿ, ಮೊದಲ ದಿನ ಅರ್ಧ ಗಂಟೆ ಸಾಕು.

ಆಕಳು, ಎಮ್ಮೆಯವರಿಗೂ ಎರಡು ಮಾತು. ಆಕಳ ಗಬ್ಬ 283 ದಿನ. ಪ್ರತಿ ವರ್ಷ ಅದೇ ತಿಂಗಳಿಗೆ ಈಯಬೇಕಾದರೆ ಈದ 82 ದಿನದೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಎಮ್ಮೆಯದು 310 ದಿನ, ಉಳಿಯುವುದು 55 ದಿನ ಮಾತ್ರ, ಅದಕ್ಕೇ ಎಮ್ಮೆ ವರ್ಷಕ್ಕೊಂದು ಕರು ಕೊಡುವುದು ಅಪರೂಪ. ಬೇಸಿಗೆಯಲ್ಲಿ ಅದರ ಬೆದೆ ಮೂಕವಾಗಿಯೇ ಕಳೆಯುತ್ತದೆ, ತಂಪಿನ ತಿಂಗಳುಗಳಲ್ಲಿ ಎದ್ದು ಕಾಣುತ್ತದೆ. 2021ರಲ್ಲಿ ದೇಶೀ ತಳಿಯೆಂದು ನೋಂದಣಿಯಾದ ನಮ್ಮ ಧಾರವಾಡಿ ಎಮ್ಮೆಯನ್ನು ಕಟ್ಟಿದವರು ಸೆಪ್ಟೆಂಬರಿನಿಂದ ಜನವರಿವರೆಗೆ ಬೆಳಗಿನ ಜಾವ ಎದ್ದು ಬೆದೆ ನೋಡಿದರೆ ಆ ಐದು ತಿಂಗಳಲ್ಲೇ ವರ್ಷದ ಕೆಲಸ ಆಗಿರುತ್ತದೆ.

ಕುರಿಗಾರರಲ್ಲಿ ನನ್ನ ಬಿನ್ನಹ ಇಷ್ಟು. ಹಿಂಡನ್ನೆಲ್ಲ ಒಂದೇ ವರ್ಷಕ್ಕೆ ತಿರುಗಿಸಬೇಡಿ. ಈ ಸಲ ಅರ್ಧ ಹಿಂಡಿಗೆ ಗುರುತು ಹಾಕಿ ಆರಿದ್ರಾಕ್ಕೆ ಟಗರು ಬಿಡಿ, ಇನ್ನರ್ಧ ಹಳೆಯ ರೀತಿಯಲ್ಲೇ ಇರಲಿ. ಮನೆಯಲ್ಲಿ ಓದು ಬಲ್ಲ ಮಕ್ಕಳ ಕೈಗೆ ಒಂದು ನೋಟ್‌ಬುಕ್ಕು ಕೊಟ್ಟು, ಯಾವ ಕುರಿ ಯಾವ ದಿನ ಈಯಿತು, ಯಾವ ಮರಿ ಎಷ್ಟು ದಿನಕ್ಕೆ ಸತ್ತಿತು, ಯಾವುದು ಎಷ್ಟಕ್ಕೆ ಹೋಯಿತು ಎಂದು ಬರೆಸಿ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಹುಲಕೋಟಿಯಲ್ಲಿ ಕೆ.ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರವಿದೆ. ಆ ಪುಸ್ತಕ ಹಿಡಿದು ಅಲ್ಲಿಗೆ ಹೋಗಿ, ನಿಮ್ಮ ಹಿಂಡಿನ ಲೆಕ್ಕ ಮುಂದಿಟ್ಟು ಸಲಹೆ ಕೇಳಿ. ಟಗರಿಗೆ ತಟ್ಟು ಕಟ್ಟುವ ಕೆಲಸವನ್ನು ಮಾತ್ರ ಮುಂದೂಡಬೇಡಿ. ನವೆಂಬರ್ ಮಧ್ಯದಿಂದ ಡಿಸೆಂಬರ್ ಕೊನೆಯವರೆಗೆ ಬಯಲಿನಲ್ಲಿ ಕೂಡಿದ ಪ್ರತಿ ಕುರಿಯೂ ಏಪ್ರಿಲ್–ಮೇ ತಿಂಗಳಲ್ಲೇ ಈಯುತ್ತದೆ.